ದೊಡ್ಡಮ್ಮನ ಪಾಸ್‌ಬುಕ್ಕೂ ಆಸ್ಪತ್ರೆ ಕಾರ್ಡೂ

ಹೋದ ವಾರ ದೊಡ್ಡಮ್ಮ ಫೋನ್ ಮಾಡಿ, "ಆ ಆಸ್ಪತ್ರೆ ಕಾರ್ಡ್ ನಂಗೆ ಬೇಡ ಮಾರಾಯ, ಮಾಡಿಸ್ಬೇಡ" ಅಂದರು. ಅವರನ್ನು ಒಪ್ಪಿಸಲು ನನಗೆ ಮೂರು ತಿಂಗಳು ಹಿಡಿದಿತ್ತು. ಯಾಕೆ ಅಂತ ಕೇಳಿದರೆ, ವಾಟ್ಸಾಪ್‌ನಲ್ಲಿ ಯಾರೋ ಒಂದು ಆಡಿಯೋ ಕಳಿಸಿದ್ದಾರೆ. ಆಯುಷ್ಮಾನ್ ಕಾರ್ಡ್ ಮಾಡಿಸಿದರೆ ಬ್ಯಾಂಕಿನಲ್ಲಿರುವ ದುಡ್ಡೆಲ್ಲ ಸರಕಾರಕ್ಕೆ ಕಾಣುತ್ತದಂತೆ, ಎಫ್‌ಡಿ ಇಟ್ಟವರಿಗೆ ನೋಟಿಸ್ ಬರುತ್ತದಂತೆ.

ದೊಡ್ಡಮ್ಮನಿಗೆ 66 ವರ್ಷ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಎರಡೂವರೆ ಎಕರೆ ರೊಬಸ್ಟಾ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ದೊಡ್ಡಪ್ಪ ಹೋದ ಮೇಲೆ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಕಾಫಿ ಮಾರಿದ ದುಡ್ಡಿನಲ್ಲಿ ಉಳಿಸಿ ಉಳಿಸಿ ಒಂದು ಎಫ್‌ಡಿ ಇಟ್ಟಿದ್ದಾರೆ. ಆ ಪಾಸ್‌ಬುಕ್ ಇರುವುದು ಅಕ್ಕಿ ಡ್ರಮ್ಮಿನ ಹಿಂದೆ. ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದು ಅಂತ ಹಳೆ ಟವೆಲ್‌ನಲ್ಲಿ ಮಡಚಿ, ಒಂದು ನುಸಿಗುಳಿಗೆ ಹಾಕಿ ಇಟ್ಟಿದ್ದಾರೆ. ಇಷ್ಟು ಜೋಪಾನ ಮಾಡಿದವರಿಗೆ ಯಾರೋ ಬಂದು ನೋಡಿಬಿಡುತ್ತಾರೆ ಅಂದರೆ ಭಯ ಆಗದೇ ಇರುತ್ತದಾ? ಅವರಿಗೆ ಬುದ್ಧಿ ಇಲ್ಲ ಅಂತ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಮೊದಲು ಆಡಿಯೋ ವಿಷಯ ಹೇಳಿಬಿಡುತ್ತೇನೆ. ಅದು ಸುಳ್ಳು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಲು ಬೇಕಾಗುವುದು ಆಧಾರ್ ಮತ್ತು ರೇಷನ್ ಕಾರ್ಡ್. ಬ್ಯಾಂಕ್ ಖಾತೆ ನಂಬರ್ ಬೇಡ, ಪಾಸ್‌ಬುಕ್ ಬೇಡ. ಚಿಕಿತ್ಸೆಯ ದುಡ್ಡು ಸರಕಾರದಿಂದ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ, ನಮ್ಮ ಖಾತೆಗೆ ಬರುವುದೂ ಇಲ್ಲ, ಅಲ್ಲಿಂದ ಹೋಗುವುದೂ ಇಲ್ಲ. ಅಭಾ ಅಂತ 14 ಅಂಕಿಯ ಇನ್ನೊಂದು ನಂಬರ್ ಇದೆ, ಅದು ಬೇರೆ. ಅದು ನಮ್ಮ ಚಿಕಿತ್ಸೆಯ ದಾಖಲೆ ಒಂದು ಕಡೆ ಸಿಗಲಿ ಅಂತ ಮಾಡಿದ್ದು. ಮಾಡಿಸಲೇಬೇಕು ಅಂತ ಇಲ್ಲ, ಅದಕ್ಕೂ ಬ್ಯಾಂಕ್ ಖಾತೆ ಬೇಡ. ಕಾರ್ಡ್ ಮಾಡಿಸಿಕೊಡುತ್ತೇನೆ ಅಂತ ಹೇಳಿ ಯಾರಾದರೂ ಎಟಿಎಂ ನಂಬರ್, ಬ್ಯಾಂಕಿನ ಓಟಿಪಿ ಕೇಳಿದರೆ ಅವನು ಕಳ್ಳ, ಫೋನ್ ಇಟ್ಟುಬಿಡಿ.

ಇಂಥ ಮಾತು ನಮ್ಮಲ್ಲೇ ಹುಟ್ಟಿದ್ದೂ ಅಲ್ಲ. 2009ರಲ್ಲಿ ಅಮೆರಿಕದಲ್ಲಿ ಆರೋಗ್ಯ ಮಸೂದೆ ಚರ್ಚೆಗೆ ಬಂದಾಗ, ಸರಕಾರ ಎಲ್ಲರ ಬ್ಯಾಂಕ್ ಖಾತೆಗೆ ಕೈ ಹಾಕುತ್ತದೆ ಅಂತ ಇಮೇಲ್‌ಗಳು ಹರಿದಾಡಿದ್ದವು. ಮಸೂದೆಯಲ್ಲಿ ಇದ್ದದ್ದು ವಿಮೆ ಕಂಪನಿಗಳು ಆಸ್ಪತ್ರೆಗಳಿಗೆ ಕಂಪ್ಯೂಟರ್ ಮೂಲಕ ದುಡ್ಡು ಕಳಿಸುವ ವಿಷಯ. ಆದರೆ 2010ರ ಮಾರ್ಚ್ 23ರಂದು ಒಬಾಮ ಸಹಿ ಹಾಕಿದ ಕಾನೂನಿನಲ್ಲಿ ಆದಾಯ ನೋಡುವ ವ್ಯವಸ್ಥೆ ಇದ್ದೇ ಇತ್ತು. ಯಾರಿಗೆ ಎಷ್ಟು ಸಬ್ಸಿಡಿ ಅಂತ ತೀರ್ಮಾನ ಮಾಡಲು ತೆರಿಗೆ ಲೆಕ್ಕ ನೋಡುತ್ತಾರೆ. ವಿಮೆ ಮಾಡಿಸದವರಿಂದ ದಂಡ ವಸೂಲಿ ಮಾಡುತ್ತಿದ್ದದ್ದೂ ತೆರಿಗೆ ಇಲಾಖೆಯೇ, 2019ರಿಂದ ಆ ದಂಡ ಸೊನ್ನೆ ಆಯಿತು. ಖಾತೆಗೆ ಕೈ ಹಾಕುವುದು ಸುಳ್ಳು, ಆದಾಯ ನೋಡುವುದು ನಿಜ.

ನಮ್ಮಲ್ಲೂ ಹಾಗೇ. ದೊಡ್ಡಮ್ಮನಿಗೆ ನಾನು ಇದನ್ನು ಮುಚ್ಚಿಡಲಿಲ್ಲ. "ಎಫ್‌ಡಿ ಗುಟ್ಟಾಗಿ ಏನೂ ಇಲ್ಲ ದೊಡ್ಡಮ್ಮ, ನೀವು ಬ್ಯಾಂಕಿಗೆ ಪಾನ್ ಕಾರ್ಡ್ ಕೊಟ್ಟಿದ್ದೀರಿ, ಬಡ್ಡಿ ಎಷ್ಟು ಬಂತು ಅಂತ ಬ್ಯಾಂಕಿನವರೇ ತೆರಿಗೆ ಇಲಾಖೆಗೆ ತಿಳಿಸ್ತಾರೆ" ಅಂದೆ. ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ ಒಟ್ಟು 10 ಲಕ್ಷ ನಗದು ಕಟ್ಟಿದರೂ ಬ್ಯಾಂಕ್ ತಿಳಿಸಬೇಕು. ಇದು ವರ್ಷಗಳಿಂದ ಇರುವ ನಿಯಮ, ಆಸ್ಪತ್ರೆ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಕಾಫಿ ದುಡ್ಡಿಗೂ ಟ್ಯಾಕ್ಸಾ?" ಅಂದರು. ಅಲ್ಲ. ನಾವೇ ಬೆಳೆದು, ಕಣದಲ್ಲಿ ಒಣಗಿಸಿ, ಚೆರ್ರಿಯನ್ನು ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಮಾಡಿಸಿ ಮಾರಿದರೆ ಆದಾಯದ 25%, ಹುರಿದು ಪುಡಿ ಮಾಡಿ ಮಾರಿದರೆ 40% ತೆರಿಗೆ ಲೆಕ್ಕಕ್ಕೆ ಬರುತ್ತದೆ. ನಿಜವಾದ ತೊಂದರೆ ಏನಂದರೆ ದೊಡ್ಡಮ್ಮ ಎಷ್ಟೋ ಸಲ ಬಿಲ್ ಇಲ್ಲದೆ ಚೀಲ ತೂಗಿಸಿ ಕೈಯಲ್ಲಿ ದುಡ್ಡು ತಂದಿದ್ದಾರೆ. ಇನ್ನು ಮೇಲಾದರೂ ವ್ಯಾಪಾರಿಯ ಹತ್ತಿರ ಚೀಟಿ ಕೇಳಿ ಇಸ್ಕೊಳ್ಳಿ, ಪಹಣಿ ಜೊತೆ ಇಡಿ ಅಂತ ಹೇಳಿದ್ದೇನೆ.

ನನಗೆ ನಿಜಕ್ಕೂ ಚಿಂತೆ ಇರುವುದು ಬೇರೆ ಕಡೆ. ನಮ್ಮ ಪಕ್ಕದ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿರುವ ಒಬ್ಬರ ಮಗ ಪಿಕಪ್ ಸಾಲಕ್ಕೆ ಅಂತ ಐಟಿ ರಿಟರ್ನ್ಸ್ ಹಾಕಿದ. ಸಾಲ ಸಿಗಬೇಕಾದರೆ ಅದು ಬೇಕು ಅಂದಿದ್ದರು, ಹಾಕಿದ. ತೆರಿಗೆ ಒಂದು ರೂಪಾಯಿ ಇಲ್ಲ. ಅಪ್ಪನಿಗೆ ಎದೆನೋವು ಬಂದು ಮೈಸೂರಿಗೆ ಕರೆದುಕೊಂಡು ಹೋದಾಗಲೇ ಗೊತ್ತಾಗಿದ್ದು, ಬಿಪಿಎಲ್ ಕಾರ್ಡ್ ಎಪಿಎಲ್ ಆಗಿದೆ ಅಂತ. ಮೊದಲೇ ಯಾರೂ ಒಂದು ಮಾತು ಹೇಳಿರಲಿಲ್ಲ. ಬಿಪಿಎಲ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರಕಾರ ಕೊಡುವುದು ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ನಿಗದಿ ಮಾಡಿದ ದರದ 30% ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸ್ಟೆಂಟ್ ಹಾಕಿಸಲು ಹೆಂಡತಿಯ ಓಲೆ, ಸರ ಎರಡೂ ಅಡವಿಟ್ಟರು.

2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಗಲಾಟೆ ಆಯಿತಲ್ಲ, ಆಗ ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಸರಕಾರವೇ ಹೇಳಿತು. ರಿಟರ್ನ್ಸ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಈ ವ್ಯತ್ಯಾಸ ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಅದನ್ನು ನೋಡಬೇಕಾದವರು ಮನುಷ್ಯರು ತಾನೇ? ಆಧಾರ್ ಒಂದೇ ಆದ ಮೇಲೆ ಎಲ್ಲ ಇಲಾಖೆಯ ಪಟ್ಟಿ ಒಂದಕ್ಕೊಂದು ತಾಳೆ ನೋಡುವುದು ಸುಲಭ. ತಾಳೆ ನೋಡಲಿ, ಸುಳ್ಳು ಹೇಳಿ ಕಾರ್ಡ್ ಮಾಡಿಸಿಕೊಂಡವರೂ ಇದ್ದಾರೆ. ಆದರೆ ತೆಗೆಯುವ ಮೊದಲು ಕೇಳಬೇಕು. ಏನನ್ನು ನೋಡಿದಿರಿ, ಯಾಕೆ ತೆಗೆದಿರಿ ಅಂತ ಕನ್ನಡದಲ್ಲಿ ಒಂದು ಹಾಳೆ ಮನೆಗೆ ಬರಬೇಕು.

ನಮ್ಮ ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷ ಅದೇ ಕೋರ್ಟು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಲೇಬೇಕು ಅನ್ನುವ ನಿಯಮವನ್ನು ತೆಗೆದುಹಾಕಿತು, ಸಬ್ಸಿಡಿಗೆ ಮತ್ತು ಪಾನ್‌ಗೆ ಮಾತ್ರ ಉಳಿಸಿತು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂತು, ಅದರಲ್ಲಿ ಸರಕಾರ ತನಗೇ ಜಾಸ್ತಿ ವಿನಾಯಿತಿ ಇಟ್ಟುಕೊಂಡಿದೆ. ಇದು ನನಗೆ ಸರಿ ಕಾಣುವುದಿಲ್ಲ. ಜನ ಸುಮ್ನೆ ಆಡಿಯೋ ನಂಬುವುದಿಲ್ಲ, ಸರಿಯಾಗಿ ಹೇಳುವವರು ಇಲ್ಲದ ಕಡೆ ನಂಬುತ್ತಾರೆ.

ಕಾರ್ಡ್ ಮಾಡಿಸಲು ದೊಡ್ಡಮ್ಮನನ್ನು ಸೋಮವಾರ ಕರೆದುಕೊಂಡು ಹೋದೆ. ಅವರ ಬೆರಳಚ್ಚು ಬೀಳಲೇ ಇಲ್ಲ. ವರ್ಷಗಟ್ಟಲೆ ಕಾಫಿ ಕುಯ್ದು, ಮೆಣಸು ಬಿಡಿಸಿ ಬೆರಳಿನ ಗೆರೆಗಳೇ ಸವೆದಿವೆ. ನಾಲ್ಕು ಸಲ ಒರೆಸಿ ಒರೆಸಿ ಒತ್ತಿಸಿದರು, ಆಮೇಲೆ ಮೊಬೈಲ್‌ಗೆ ಓಟಿಪಿ ತರಿಸಿ ಮುಗಿಸಿದರು. ಆ ಓಟಿಪಿ ಯಾವುದರದ್ದು ಅಂತ ಎರಡು ಸಲ ಓದಿಸಿಕೊಂಡ ಮೇಲೆಯೇ ದೊಡ್ಡಮ್ಮ ಹೇಳಿದ್ದು. ಅವರದ್ದು ಎಪಿಎಲ್, ಸಿಗುವುದು ಆ 30% ಮಾತ್ರ, ಅದೂ ಅವರಿಗೆ ಗೊತ್ತಿದೆ.

ಬಿಪಿಎಲ್ ಕಾರ್ಡ್ ವಾಪಸ್ ಕೊಡಿ ಅನ್ನುವ ಲೈನ್‌ಮನೆಯವರ ಅರ್ಜಿ ಇನ್ನೂ ಆಗಿಲ್ಲ. ತೆರಿಗೆ ಸೊನ್ನೆ ಅಂತ ಇರುವ ರಿಟರ್ನ್ಸ್ ಪ್ರತಿ ತೆಗೆಸಿದ್ದೇವೆ. ಈ ಶುಕ್ರವಾರ ಸಂತೆ ದಿನ, ಹೇಗೂ ಬಸ್ಸು ಸಿಗುತ್ತದೆ, ಅವರ ಜೊತೆ ನಾನೂ ಮಡಿಕೇರಿಗೆ ಹೋಗುತ್ತಿದ್ದೇನೆ.