ಅಂಚೆ ಚೀಟಿ ಸಾಲದ ಲಕೋಟೆಯ ಹೊರೆ ಯಾರ ಮೇಲೆ?

ಕಚೇರಿಯ ಟಪಾಲು ವಿಭಾಗದಲ್ಲಿ ಆವಕ (ಒಳಬರುವ ಪತ್ರ), ಜಾವಕ (ಹೊರಹೋಗುವ ಪತ್ರ) ಎರಡನ್ನೂ ನೋಡಿಕೊಳ್ಳುವ ನಾನು ಕೆಲಸದಲ್ಲಿ ಕಲಿತ ಮುಖ್ಯ ಸಂಗತಿಯೆಂದರೆ, ಸಾಕಷ್ಟು ಅಂಚೆ ಚೀಟಿ ಹಚ್ಚದ ಪತ್ರದ ತೊಂದರೆಯನ್ನು ಹೆಚ್ಚಾಗಿ ಅನುಭವಿಸುವವರು ಅದನ್ನು ಪಡೆಯಬೇಕಾದವರು ಎಂಬುದು.

ವಿಂಗಡಣೆಯ ಹೊತ್ತಿನಲ್ಲಿ ಕೊರತೆ ಕಣ್ಣಿಗೆ ಬಿದ್ದರೆ ಲಕೋಟೆಯನ್ನು ಕೆಲವು ದೇಶಗಳಲ್ಲಿ ಕಳುಹಿಸಿದವರಿಗೇ ಮರಳಿಸುತ್ತಾರೆ; ಹಲವೆಡೆ ಬಾಕಿಯನ್ನು ಅದರ ಮೇಲೆ ನಮೂದಿಸಿ, ಹೆಚ್ಚುವರಿ ಶುಲ್ಕದೊಂದಿಗೆ ವಿಳಾಸದಾರರಿಂದ ವಸೂಲು ಮಾಡಿ ಬಟವಾಡೆ ಮಾಡುತ್ತಾರೆ. ಅಂತರರಾಷ್ಟ್ರೀಯ ಪತ್ರಗಳ ಮೇಲೆ ಇದಕ್ಕಾಗಿಯೇ ‘ಟಿ’ ಅಕ್ಷರದ ಮೊಹರು ಬೀಳುತ್ತದೆ. ಪದ್ಧತಿ ಹಳೆಯದು. 1840ರಲ್ಲಿ ಬ್ರಿಟನ್ನಿನಲ್ಲಿ ಮೊದಲೇ ಹಣ ಕಟ್ಟಿದ ಹಗುರ ಪತ್ರಕ್ಕೆ ಒಂದು ಪೆನ್ನಿಯಾದರೆ, ಕಟ್ಟದೆ ಕಳುಹಿಸಿದ್ದಕ್ಕೆ ಎರಡು ಪೆನ್ನಿ ತೆರಬೇಕಿತ್ತು. 1859ರಲ್ಲಿ ಫ್ರಾನ್ಸ್ ಬಾಕಿ ವಸೂಲಿಗೆಂದೇ ಪ್ರತ್ಯೇಕ ಚೀಟಿಗಳನ್ನು ಹೊರತಂದಿತು.

ಮನೆಗೆ ಬಂದ ಪತ್ರವಾದರೆ ಚಿಲ್ಲರೆ ಕೊಟ್ಟು ಬಿಡಿಸಿಕೊಳ್ಳಬಹುದು, ಕಚೇರಿಗೆ ಬಂದದ್ದರ ಕಥೆ ಬೇರೆ. ಬಾಕಿಯ ಹಣವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಹಾಕಬೇಕು, ಯಾರ ಮಂಜೂರಾತಿ ಬೇಕು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ್ದರಿಂದ ಇಂತಹ ಲಕೋಟೆಗಳನ್ನು ಸ್ವೀಕರಿಸಬಾರದೆಂಬ ಸೂಚನೆ ನಮ್ಮಲ್ಲಿ ಜಾರಿಯಲ್ಲಿದೆ. ಉದ್ಯೋಗಕ್ಕೆ ಅರ್ಜಿ ಹಾಕಿದವರೊಬ್ಬರ ದಪ್ಪ ಲಕೋಟೆಯೊಂದು ಕೊನೆಯ ದಿನಾಂಕಕ್ಕೆ ಮೊದಲೇ ನಮ್ಮ ಬಾಗಿಲಿಗೆ ಬಂದು, ಬಾಕಿಯ ಕಾರಣದಿಂದ ಹಾಗೆಯೇ ಹಿಂದಿರುಗಿದ್ದನ್ನು ನೋಡಿದ್ದೇನೆ. ಒಳಗಿನ ಅರ್ಜಿ ಪ್ರಾಯಶಃ ಸರಿಯಾಗಿಯೇ ಇದ್ದಿರಬೇಕು. ಅದನ್ನು ತೆರೆದು ಓದುವವರೆಗೂ ವಿಷಯ ಹೋಗಲಿಲ್ಲವೆಂಬ ನೋವು ನನಗೆ ಈಗಲೂ ಇದೆ. ಹೀಗೆ ನಿರಾಕರಿಸಿದ ಪತ್ರ ಕಳುಹಿಸಿದವರಿಗೆ ಮರಳಬೇಕಾದರೆ ಅವರ ವಿಳಾಸ ಲಕೋಟೆಯ ಹೊರಗೆ ಇರಲೇಬೇಕು. ಇಲ್ಲವಾದರೆ ಅದು ವಾರಸುದಾರರಿಲ್ಲದ ಪತ್ರಗಳ ಸಾಲಿಗೆ ಸೇರುತ್ತದೆ. ಅಧಿಕಾರವುಳ್ಳ ಸಿಬ್ಬಂದಿ ಅದನ್ನು ತೆರೆದು, ಒಳಗಿನ ಕಾಗದದಲ್ಲಿ ಹೆಸರು, ವಿಳಾಸ ಹುಡುಕಬೇಕಾಗುತ್ತದೆ. ಅಷ್ಟರಲ್ಲಿ ಗಡುವುಗಳೆಲ್ಲ ಮುಗಿದಿರುತ್ತವೆ.

ಕೊರತೆಗೆ ಜಿಪುಣತನಕ್ಕಿಂತ ತೂಕದ ಅಂದಾಜು ತಪ್ಪುವುದೇ ಹೆಚ್ಚು ಕಾರಣ. ಚದರ ಮೀಟರಿಗೆ 80 ಗ್ರಾಂ ತೂಗುವ ಸಾಮಾನ್ಯ ಎ4 ಹಾಳೆ ಸುಮಾರು 5 ಗ್ರಾಂ ಇರುತ್ತದೆ, ಆದ್ದರಿಂದ ದರದ ಮೊದಲ ಹಂತ 20 ಗ್ರಾಂ ಇರುವಲ್ಲಿ ನಾಲ್ಕು ಹಾಳೆಗಳೇ ಆ ಮಿತಿಯನ್ನು ಮುಟ್ಟಿಬಿಡುತ್ತವೆ, ಲಕೋಟೆಯ ತೂಕ ಅದರಾಚೆಗೆ. ತೂಗಿದ ಮೇಲೆ ಯಾರೋ ಒಂದು ಮುಖಪತ್ರವನ್ನೋ ಪ್ರಮಾಣಪತ್ರದ ನಕಲನ್ನೋ ತುರುಕಿ ಅಂಟಿಸಿಬಿಟ್ಟರೆ ಹಚ್ಚಿದ ಚೀಟಿ ಸಾಲದೆ ಹೋಗುತ್ತದೆ. ಆದ್ದರಿಂದ ನಮ್ಮ ಜಾವಕದಲ್ಲಿ ಲಕೋಟೆಯನ್ನು ಅಂಟಿಸಿ, ಪಿನ್ನು ಹೊಡೆದು, ವಿಳಾಸದ ಚೀಟಿ ಹಚ್ಚಿದ ನಂತರವೇ ತೂಗುತ್ತೇವೆ, ತೂಕವನ್ನು ಜಾವಕ ವಹಿಯಲ್ಲಿ ಬರೆಯುತ್ತೇವೆ, ಮಿತಿಯ ಅಂಚಿನಲ್ಲಿರುವುದನ್ನು ಡಬ್ಬಿಗೆ ಹಾಕದೆ ಅಂಚೆ ಕಚೇರಿಯ ಕೌಂಟರಿನಲ್ಲಿಯೇ ತೂಗಿಸಿ ಕೊಡುತ್ತೇವೆ.