ಕ್ಯಾಲಿಫೋರ್ನಿಯಾದ ಕ್ಯಾನ್ಸರ್ ಎಚ್ಚರಿಕೆ: ಲೇಬಲ್‌ನಲ್ಲಿ ಏನು ನೋಡಬೇಕು?

ಕ್ಯಾಲಿಫೋರ್ನಿಯಾದಲ್ಲಿ ಮರದ ಮೇಜು, ವೈರು, ಮಸಾಲೆ ಪುಡಿ ಯಾವುದನ್ನು ಕೊಂಡರೂ ‘ಕ್ಯಾನ್ಸರ್’ ಎಂಬ ಎಚ್ಚರಿಕೆ ಎದುರಾಗಬಹುದು. 1986ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 65 ಎಂಬ ಕಾನೂನು ಇದರ ಮೂಲ: ಕ್ಯಾನ್ಸರ್ ಅಥವಾ ಸಂತಾನಕ್ಕೆ ಹಾನಿ ತರುವ ರಾಸಾಯನಿಕ ಮಿತಿ ಮೀರಿ ತಾಗುವಂತಿದ್ದರೆ ಮಾರುವವರು ಎಚ್ಚರಿಸಬೇಕು. ಅದರ ಪಟ್ಟಿಯಲ್ಲಿ ಈಗ ಸುಮಾರು 900 ರಾಸಾಯನಿಕಗಳಿವೆ. ಆದರೆ ಅಂಶ ಎಷ್ಟಿದೆ ಅನ್ನುವುದನ್ನು ಲೇಬಲ್ ಹೇಳುವುದಿಲ್ಲ.

ಎಚ್ಚರಿಕೆ ಹಾಕಿಲ್ಲವೆಂದು ದಾವೆ ಬಿದ್ದರೆ, ರಾಸಾಯನಿಕದ ಪ್ರಮಾಣ ಮಿತಿಯೊಳಗಿದೆ ಎಂದು ಸಾಬೀತು ಮಾಡಬೇಕಾದವರು ಮಾರುವವರೇ. ದಂಡ ದಿನಕ್ಕೆ, ಪ್ರತಿ ಉಲ್ಲಂಘನೆಗೆ 2,500 ಡಾಲರ್‌ವರೆಗೆ. ಖಾಸಗಿ ವ್ಯಕ್ತಿಗಳೂ 60 ದಿನದ ನೋಟಿಸ್ ಕೊಟ್ಟು ಕೋರ್ಟಿಗೆ ಹೋಗಬಹುದು. ಹಾಗಾಗಿ ಪರೀಕ್ಷೆಯ ಗೋಜಿಗೇ ಹೋಗದೆ ಲೇಬಲ್ ಅಂಟಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಕಾನೂನು ಅನ್ವಯಿಸದು. ಲೇಬಲ್ ಇಲ್ಲ ಅಂದಮಾತ್ರಕ್ಕೆ ಪದಾರ್ಥ ಶುದ್ಧ ಅಂತಲೂ ಅಲ್ಲ.

ಮೊದಲು ರಾಸಾಯನಿಕದ ಹೆಸರು ಹುಡುಕಿ. 2018ರ ಆಗಸ್ಟ್ 30ರಿಂದ ಪೂರ್ಣ ಎಚ್ಚರಿಕೆಯಲ್ಲಿ ಕನಿಷ್ಠ ಒಂದು ಹೆಸರು ಇರಲೇಬೇಕು. ಚುಟುಕು ಎಚ್ಚರಿಕೆಗೆ ಆ ಕಟ್ಟುಪಾಡು ಇರಲಿಲ್ಲ. 2025ರಲ್ಲಿ ನಿಯಮ ಬದಲಾಗಿ ಅದರಲ್ಲೂ ಹೆಸರು ಬೇಕಾಗಿದೆ, ಆದರೆ ಹಳೆಯ ನಮೂನೆಗೆ ಮೂರು ವರ್ಷ ಕಾಲಾವಕಾಶವಿದೆ. ಎಚ್ಚರಿಕೆಯ ಪಕ್ಕದಲ್ಲಿರುವ ಹಳದಿ ತ್ರಿಕೋನದ ಗುರುತನ್ನೇ ನೆಚ್ಚಬೇಡಿ: ಆಹಾರದ ಪ್ಯಾಕೆಟ್ಟಿಗೆ ಅದು ಕಡ್ಡಾಯವಲ್ಲ, ಚೌಕಟ್ಟಿನೊಳಗಿನ ಬರಹ ಸಾಕು.

ಹೆಸರು ಸಿಕ್ಕಮೇಲೆ, ಅದು ಮೈಯೊಳಗೆ ಹೋಗುವ ದಾರಿ ಯಾವುದು ನೋಡಿ. ಮೇಜಿನ ಮೇಲೆ ‘ಮರದ ಧೂಳು’ ಎಂದಿದ್ದರೆ, ಕೊಯ್ಯುವಾಗ, ಉಜ್ಜುವಾಗ ಮಾಸ್ಕ್ ಹಾಕಿ. ಮೇಜಿನ ಮುಂದೆ ಕೂತು ಉಣ್ಣುವುದಕ್ಕೆ ಅಂಜಬೇಕಿಲ್ಲ. ಅದೇ ಮಸಾಲೆಯಲ್ಲಿ ‘ಸೀಸ’ ಎಂದಿದ್ದರೆ ಮಾತು ಬೇರೆ, ಅದು ನೇರ ಹೊಟ್ಟೆಗೆ.

ಸೀಸಕ್ಕೆ ಎರಡು ಮಿತಿಗಳಿವೆ. ಬಾಯಿಯ ಮೂಲಕ ಹೋಗುವ ಸೀಸಕ್ಕೆ ಕ್ಯಾನ್ಸರ್ ದೃಷ್ಟಿಯಿಂದ ದಿನಕ್ಕೆ 15 ಮೈಕ್ರೊಗ್ರಾಂ. ಸಂತಾನ ಮತ್ತು ಭ್ರೂಣದ ಹಾನಿಯ ದೃಷ್ಟಿಯಿಂದ ಬರೀ 0.5. ಮೊದಲನೆಯದನ್ನು 70 ವರ್ಷ ದಿನವೂ ಸೇವಿಸಿದರೂ ಲಕ್ಷಕ್ಕೆ ಒಂದಕ್ಕಿಂತ ಹೆಚ್ಚು ಹೊಸ ಪ್ರಕರಣ ಬರಬಾರದು ಎಂಬ ಲೆಕ್ಕದಲ್ಲಿ ಕಟ್ಟಿದ್ದಾರೆ. ಊರಿಂದ ಅರಿಶಿನ, ಧನಿಯಾ ಪುಡಿ ತರಿಸಿಕೊಳ್ಳುವ ಕನ್ನಡಿಗರು ಗಮನಿಸಬೇಕಾದ್ದು ಎರಡನೆಯದನ್ನು.

ಮಾರುವವರಿಂದ ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ. ಅದರಲ್ಲಿ ಸೀಸ 1 ಪಿಪಿಎಂ ಎಂದಿದ್ದರೆ, ಗ್ರಾಂಗೆ 1 ಮೈಕ್ರೊಗ್ರಾಂ ಎಂದರ್ಥ. ಅಂಥ ಅರಿಶಿನ ದಿನಕ್ಕೆ ಒಂದೂವರೆ ಗ್ರಾಂ ತಿಂದರೆ 1.5 ಮೈಕ್ರೊಗ್ರಾಂ ಸೀಸ: ಕ್ಯಾನ್ಸರ್ ಮಿತಿಯ ಹತ್ತನೇ ಒಂದು ಪಾಲು, ಇನ್ನೊಂದು ಮಿತಿಯ ಮೂರು ಪಟ್ಟು. ಮನೆಯಲ್ಲಿ ಬಸುರಿಯರೋ ಎಳೆ ಮಕ್ಕಳೋ ಇದ್ದರೆ ಆ ಪ್ಯಾಕೆಟ್ ಬೇಡ.