ಟೈರ್ ದೊಡ್ಡದಾಯಿತು, ಮೀಟರ್‌ಗೆ ಗೊತ್ತಾಗಲಿಲ್ಲ

ಟೈರ್ ಬದಲಿಸಿದ ಮೇಲೆ ಮೊದಲ ಸಲ ಮೈಸೂರಿಗೆ ಹೊರಟಿದ್ದೆವು. ಹೆಂಡತಿ ಕೈಯಲ್ಲಿ ಫೋನ್ ಇತ್ತು, ಮ್ಯಾಪ್ ಓಡುತ್ತಿತ್ತು. "ರೀ, ಇದರಲ್ಲಿ 103 ತೋರಿಸ್ತಿದೆ, ನಿಧಾನ ಹೋಗಿ" ಅಂದಳು. ಕಾರಿನ ಸ್ಪೀಡ್ ಮೀಟರ್‌ನಲ್ಲಿ 104 ಇತ್ತು. ನಾನು ಆ ಎಕ್ಸ್‌ಪ್ರೆಸ್‌ವೇಯಲ್ಲಿ ಯಾವಾಗಲೂ 104 ಇಟ್ಟೇ ಓಡಿಸುತ್ತಿದ್ದೆ, ಯಾಕೆಂದರೆ ನಮ್ಮ ಸ್ವಿಫ್ಟ್‌ನ ಮೀಟರ್ ಜಾಸ್ತಿ ತೋರಿಸುತ್ತದೆ, ನಿಜವಾದ ವೇಗ 99ರ ಹತ್ತಿರ ಇರುತ್ತದೆ ಅಂತ ಫೋನ್ ಇಟ್ಟು ನೋಡಿಕೊಂಡಿದ್ದೆ. ಅಲ್ಲಿ ಮಿತಿ 100, ಮೇಲೆ ಕ್ಯಾಮೆರಾಗಳು. ಆ ಲೆಕ್ಕ ಈಗ ಕೆಟ್ಟಿತ್ತು.

ನಮ್ಮದು ಕೆಳಗಿನ ಮಾಡೆಲ್. ಕಂಪನಿಯಿಂದ ಬಂದಿದ್ದು 165/80 ಆರ್ 14 ಟೈರ್, ಸ್ಟೀಲ್ ರಿಮ್. ಅಂಗಡಿಯವರು "ಸಾರ್, ಅಲಾಯ್ ಹಾಕಿ 205 ಟೈರ್ ಹಾಕಿಸಿ, ಗ್ರಿಪ್ ಬೇರೆ ಥರ ಇರುತ್ತೆ" ಅಂದರು. 205/65 ಆರ್ 15 ಹಾಕಿಸಿದೆ. ಮೀಟರ್ ವಿಷಯ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೀಟರ್ ರಸ್ತೆಯನ್ನು ಅಳೆಯುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಎಣಿಸುತ್ತದೆ, ಅಷ್ಟೇ. ಒಂದು ಸುತ್ತಿಗೆ ಇಷ್ಟು ದೂರ ಅಂತ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಹಳೇ ಟೈರಿನ ಲೆಕ್ಕ ನೋಡಿ: ಅಗಲ 165, ಅದರ ಶೇ 80 ಅಂದರೆ 132 ಮಿಮೀ ಸೈಡ್‌ವಾಲ್ (ರಿಮ್‌ನಿಂದ ಟೈರಿನ ಹೊರ ಅಂಚಿನ ತನಕ ಇರುವ ರಬ್ಬರ್ ಗೋಡೆ), ಅದು ಮೇಲೊಂದು ಕೆಳಗೊಂದು, ನಡುವೆ 14 ಇಂಚಿನ ರಿಮ್. ಒಟ್ಟು ಎತ್ತರ ಸುಮಾರು 620 ಮಿಮೀ. ಹೊಸದಕ್ಕೂ ಹೀಗೇ ಹಾಕಿದರೆ 647 ದಾಟುತ್ತದೆ. ಶೇ 4.5 ಜಾಸ್ತಿ. ಒಂದು ಸುತ್ತಿಗೆ 1.95 ಮೀಟರ್ ಹೋಗುತ್ತಿದ್ದ ಕಾರು ಈಗ 2.03 ಮೀಟರ್ ಹೋಗುತ್ತದೆ, ಸ್ಪೀಡ್ ಮೀಟರ್ ಮಾತ್ರ ಹಳೇ ಲೆಕ್ಕದಲ್ಲೇ ಇದೆ.

ಮೀಟರ್ ಜಾಸ್ತಿ ತೋರಿಸುವುದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಯುರೋಪಿನಲ್ಲೂ ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಿದರೆ ಶೇ 10 ಮತ್ತು ಮೇಲೆ 4 ಕಿಮೀ ತನಕ ನಡೆಯುತ್ತದೆ. ಟೈರ್ ಸವೆದರೂ ಎತ್ತರ ಇಳಿಯುತ್ತದೆ, ಅಲ್ವಾ? ಹೊಸ ಟೈರಿನ ಮೈಮೇಲಿನ ಗೆರೆಗಳ ಆಳ 8 ಮಿಮೀಯಿಂದ 1.6ಕ್ಕೆ ಇಳಿಯುವ ಹೊತ್ತಿಗೆ ಶೇ 2ರಷ್ಟು ವ್ಯತ್ಯಾಸ ಬರುತ್ತದೆ, ಆದರೆ ಅದು ಮೀಟರ್ ಇನ್ನೂ ಜಾಸ್ತಿ ತೋರಿಸುವ ಕಡೆಗೆ. ನಾನು ಮಾಡಿದ್ದು ಉಲ್ಟಾ. ಕಾಪಾಡುತ್ತಿದ್ದ ಆ ಅಂತರವನ್ನೇ ದುಡ್ಡು ಕೊಟ್ಟು ತೆಗೆಸಿದ್ದೆ.

205 ಹಾಕಿಸಿದ ಮೇಲೆ ಮೈಲೇಜ್ ಕೂಡ ಬಿದ್ದಿತ್ತು, ಅದರಲ್ಲೂ ಸ್ವಲ್ಪ ಭಾಗ ಇದೇ ಲೆಕ್ಕದ ತಪ್ಪು. ಓಡೋಮೀಟರ್ 10,000 ಅಂದಾಗ ಕಾರು ಓಡಿದ್ದು 10,450. ಸರ್ವಿಸ್ ಕೂಡ ಅಷ್ಟು ತಡ ಆಗುತ್ತದೆ.

ನಿಜಕ್ಕೂ ಬೇಜಾರಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಧರ್ಮಸ್ಥಳದಿಂದ ವಾಪಸ್ ಬರುವಾಗ ನಾವು ಐದು ಜನ, ಡಿಕ್ಕಿ ತುಂಬ ಸಾಮಾನು. ಮೊದಲು ಎರಡನೇ ಗೇರಲ್ಲಿ ಹತ್ತುತ್ತಿದ್ದ ತಿರುವುಗಳಲ್ಲಿ ಕಾರು ಏದುಸಿರು ಬಿಡುತ್ತಿತ್ತು, ಮೊದಲನೇ ಗೇರಿಗೆ ಬರಬೇಕಾಯಿತು. ಚಕ್ರ ಎತ್ತರ ಆದರೆ ಎಲ್ಲ ಗೇರ್‌ಗಳೂ ಉದ್ದ ಆದಂತೆ, ಎಳೆತ ಕಮ್ಮಿ. ತೂಕವೂ ಜಾಸ್ತಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಒಳಗಡೆ ಉಜ್ಜುವ ಸದ್ದು ಬೇರೆ. ಒಳ್ಳೆಯದೂ ಇತ್ತು, ಸುಳ್ಳು ಹೇಳಬಾರದು: ಕಾರು 14 ಮಿಮೀ ಎತ್ತರ ಆಗಿ ನಮ್ಮ ಬೀದಿಯ ಹಂಪ್‌ಗೆ ತಾಗುವುದು ನಿಂತಿತ್ತು. ನನಗೆ ಅದು ಸಾಲಲಿಲ್ಲ.

ಆಮೇಲೆ ಗೊತ್ತಾಗಿದ್ದೇನೆಂದರೆ, ಇದೇ ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗೆ ಕಂಪನಿಯೇ 185/65 ಆರ್ 15 ಕೊಡುತ್ತದೆ. ಲೆಕ್ಕ ಹಾಕಿದರೆ 621.5 ಮಿಮೀ. ರಿಮ್ ಒಂದು ಇಂಚು ದೊಡ್ಡದು, ಟೈರ್ ಅಗಲ, ಆದರೂ ಎತ್ತರದಲ್ಲಿ ಎರಡೇ ಮಿಮೀ ವ್ಯತ್ಯಾಸ! ರಿಮ್ ದೊಡ್ಡದಾದಷ್ಟು ಸೈಡ್‌ವಾಲ್ ಇಳಿಸಿದ್ದಾರೆ. ಟೈರ್ ಅಂಗಡಿಗೆ ಹೋಗುವ ಮುಂಚೆ ಈ ಒಂದು ಸಂಖ್ಯೆ, ಅಂದರೆ ಟೈರಿನ ಒಟ್ಟು ಎತ್ತರ, ನೋಡಿಕೊಂಡು ಹೋಗಿ. ವ್ಯತ್ಯಾಸ ಶೇ 2ರ ಒಳಗೆ ಇದ್ದರೆ ನಾನು ಒಪ್ಪುತ್ತೇನೆ, ಅದಕ್ಕಿಂತ ಜಾಸ್ತಿ ಇದ್ದರೆ ಬೇಡ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ತೂಕ ಹೊರಬಲ್ಲದು ಅಂತ ಹೇಳುವ ಸಂಖ್ಯೆ) ಕಂಪನಿ ಕೊಟ್ಟಿದ್ದಕ್ಕಿಂತ ಕಮ್ಮಿ ಇರಬಾರದು.

ಅಲಾಯ್ ಉಳಿಸಿಕೊಂಡು, 205 ತೆಗೆಸಿ 185/65 ಹಾಕಿಸಿದೆ. ಖರ್ಚು ಎರಡೆರಡು ಸಲ ಆಯಿತು. ಈಗ ಮೀಟರ್‌ನಲ್ಲಿ 100 ಇದ್ದರೆ ಫೋನ್‌ನಲ್ಲಿ 95. ಡಿಕ್ಕಿಯಲ್ಲಿರುವ ಹಳೇ 14 ಇಂಚಿನ ಸ್ಟೆಪ್ನಿ ಕೂಡ ಈಗ ಉಳಿದ ಮೂರು ಚಕ್ರಗಳ ಎತ್ತರಕ್ಕೇ ನಿಲ್ಲುತ್ತದೆ.